ಹೃದಯಕೋಶಕ್ಕೆ ದೊರೆಯುವ ಗಡುವು

ಅಫೀಮಿನಿಂದ ತೆಗೆಯುವ ಮಾರ್ಫಿನ್ ನೋವನ್ನು ಶಮನಗೊಳಿಸುವುದು ಜೀವಕೋಶದ ಹೊರಪೊರೆಯಲ್ಲಿರುವ ಒಪಿಯಾಯ್ಡ್ ಗ್ರಾಹಕಗಳು, ಅಂದರೆ ಹೊರಗಿನ ರಾಸಾಯನಿಕ ಸಂಕೇತವನ್ನು ಹಿಡಿದು ಕೋಶದೊಳಕ್ಕೆ ದಾಟಿಸುವ ಪ್ರೋಟೀನುಗಳು, ಅದಕ್ಕೆ ಸ್ಪಂದಿಸುವುದರಿಂದ. ಇವು ಮಿದುಳಿನಲ್ಲಿರುವುದು 1973ರಲ್ಲಿ ದೃಢಪಟ್ಟಿತು. ದೇಹವೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುವಾದ ಎನ್‌ಕೆಫಲಿನ್ ಅನ್ನು 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಜ್ ಗುರುತಿಸಿದರು.

ಡೆಲ್ಟಾ ಮತ್ತು ಕಪ್ಪಾ ಎಂಬ ಎರಡು ಬಗೆಯ ಒಪಿಯಾಯ್ಡ್ ಗ್ರಾಹಕಗಳು ಹೃದಯದ ಸ್ನಾಯುಕೋಶಗಳಲ್ಲಿಯೂ ಇವೆ. ಇವು ಚುರುಕುಗೊಂಡಾಗ ಅಡ್ರಿನಲಿನ್ ಹಾರ್ಮೋನಿನ ಒತ್ತಡ ತಗ್ಗಿ ಸ್ನಾಯುವಿನ ಸಂಕೋಚನ ಮೃದುವಾಗುತ್ತದೆಯಲ್ಲದೆ, ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳು ರಕ್ತದ ಕೊರತೆಯಲ್ಲಿಯೂ ಬೇಗ ಹಾಳಾಗದಂತೆ ಕಾಯುವ ಕ್ರಿಯೆಗಳು ಆರಂಭವಾಗುತ್ತವೆ.

1986ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷ ನಾಲ್ಕು ಬಾರಿ ತಡೆದು ಬಿಟ್ಟು, ಬಳಿಕ 40 ನಿಮಿಷ ಮುಚ್ಚಿದಾಗ, ಸತ್ತ ಸ್ನಾಯುವಿನ ಪ್ರಮಾಣ ಹಾಗೆ ಮಾಡದ ನಾಯಿಗಳಲ್ಲಿದ್ದುದರ ಕಾಲುಭಾಗಕ್ಕೆ ಇಳಿದಿತ್ತು. ಇಂಥ ರಕ್ಷಣೆಯಲ್ಲಿ ಒಪಿಯಾಯ್ಡ್ ಗ್ರಾಹಕಗಳ ಪಾತ್ರವಿದೆಯೆಂಬುದು 1995ರಲ್ಲಿ, ಅವುಗಳನ್ನು ತಡೆಯುವ ನಲೊಕ್ಸೋನ್ ಕೊಟ್ಟ ಇಲಿಗಳಲ್ಲಿ ರಕ್ಷಣೆ ಇಲ್ಲವಾದಾಗ ತಿಳಿಯಿತು. ಆದರೆ 1986ರ ಅದೇ ಪ್ರಯೋಗದಲ್ಲಿ ರಕ್ತನಾಳವನ್ನು ಮೂರು ಗಂಟೆ ಮುಚ್ಚಿದಾಗ ಈ ಲಾಭ ಉಳಿಯಲಿಲ್ಲ: ದೇಹದ ಈ ಏರ್ಪಾಡು ಕೋಶದ ಸಾವನ್ನು ಮುಂದೂಡಿ ಒಂದು ಗಡುವು ಕೊಡುತ್ತದೆಯೇ ಹೊರತು ಸಾವನ್ನು ತಡೆಯುವುದಿಲ್ಲ.

ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ತೆರೆಯುವ ದೊಡ್ಡ ಆಸ್ಪತ್ರೆಗಳಿರುವ ಮೈಸೂರು ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಸುಮಾರು 60 ಕಿಲೋಮೀಟರ್ ದೂರವಿದ್ದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದ ಇನ್ನೂ ದೂರವಾಗುವುದರಿಂದ, ಈ ಗಡುವಿನ ಅರ್ಥ ಚಾಮರಾಜನಗರ ಜಿಲ್ಲೆಯಲ್ಲಿ ಹೆಚ್ಚು ತೀಕ್ಷ್ಣವಾಗಿದೆ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಹೊಲದಲ್ಲೋ ಮನೆಯಲ್ಲೋ ಕಾಯುತ್ತ ಕಳೆಯುವ ಹೊತ್ತು ಈ ಗಡುವನ್ನೇ ತಿನ್ನುತ್ತದೆ. ಮುಚ್ಚಿದ ರಕ್ತನಾಳ ನೋವಿನ ಮಾತ್ರೆಯಿಂದ ತೆರೆಯುವುದಿಲ್ಲ. ವೈದ್ಯರು ಕೊಡುವ ಮಾರ್ಫಿನ್ ಕೂಡ ತೀವ್ರ ನೋವಿಗೆ ಮಾತ್ರ; ಏಕೆಂದರೆ ಅದು ಜಠರದ ಚಲನೆಯನ್ನು ನಿಧಾನಗೊಳಿಸಿ ರಕ್ತ ಹೆಪ್ಪುಗಟ್ಟದಂತೆ ನುಂಗಿಸುವ ಮಾತ್ರೆಗಳ ಪರಿಣಾಮವನ್ನು ತಡಮಾಡಬಲ್ಲದು.

ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ದೂರದ ತಜ್ಞರ ಸಲಹೆಯಂತೆ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೇ ಇಸಿಜಿ ಪರೀಕ್ಷೆ ನಡೆಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಉದ್ದೇಶದ್ದು. ಹೃದಯಕೋಶಗಳು ತಮ್ಮ ಶಕ್ತಿಯಿದ್ದಷ್ಟು ಹೊತ್ತು ಮಾತ್ರ ಹೋರಾಡುತ್ತವೆ. ಆದ್ದರಿಂದ ಎದೆಯಲ್ಲಿ ಹಿಂಡಿದಂಥ ನೋವು, ಬೆವರು, ಎಡಗೈಗೆ ಹರಡುವ ಸೆಳೆತ ಕಂಡ ಕೂಡಲೇ 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಸಬೇಕು.