ಮಾತಿಲ್ಲದ ಮಾತು

ನಾಲಗೆ ಸುಮ್ಮನಿರುವಾಗಲೂ ಮನುಷ್ಯನ ಕಣ್ಣು, ಹುಬ್ಬು, ಕೈಗಳು ಸುಮ್ಮನಿರುವುದಿಲ್ಲ. ಮೂಗು ಮುರಿಯುವುದು, ಹುಬ್ಬು ಗಂಟಿಕ್ಕುವುದು, ಹಲ್ಲು ಮಸೆಯುವುದು, ಕೈ ಹಿಸುಕಿಕೊಳ್ಳುವುದು ಮುಂತಾದ ನಮ್ಮ ನುಡಿಗಟ್ಟುಗಳನ್ನು ನೋಡಿರಿ. ಒಂದೊಂದೂ ದೇಹದ ಚಲನೆಯನ್ನೂ ಅದರ ಹಿಂದಿರುವ ಭಾವವನ್ನೂ ಒಟ್ಟಿಗೆ ತಿಳಿಸುತ್ತದೆ. ನಮ್ಮ ಹಿರಿಯರು ಮುಖವನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತಿದ್ದರೆಂಬುದಕ್ಕೆ ಇವೇ ಸಾಕ್ಷಿ.

ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದೆ. ಇವುಗಳಲ್ಲಿ ಮಾತಿಗೆ ಸೇರಿದುದು ವಾಚಿಕವೊಂದೇ. ಅಂಗಗಳ ಚಲನೆ ಆಂಗಿಕ, ವೇಷಭೂಷಣ ಆಹಾರ್ಯ, ಕಂಬನಿ, ಬೆವರು, ರೋಮಾಂಚ, ನಡುಕಗಳು ಸಾತ್ತ್ವಿಕ.

ಪಶ್ಚಿಮ ದೇಶಗಳಲ್ಲಿ ಚಾರ್ಲ್ಸ್ ಡಾರ್ವಿನ್ನನು ಭಾವಗಳ ಪ್ರಕಟನೆಯನ್ನು ಕುರಿತು 1872ರಲ್ಲಿ ಒಂದು ಗ್ರಂಥವನ್ನು ಹೊರತಂದನು. ಅದಕ್ಕಾಗಿ ನಾನಾ ದೇಶಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಭಾರತದಿಂದಲೂ ಉತ್ತರಗಳನ್ನು ಪಡೆದಿದ್ದನು. ಮುಖ್ಯ ಭಾವಗಳು ಎಲ್ಲ ಜನರ ಮುಖದಲ್ಲಿಯೂ ಒಂದೇ ಬಗೆಯಾಗಿ ತೋರುತ್ತವೆಂಬುದು ಅವನ ನಿರ್ಣಯ. ಅಂಗಚಲನೆಗಳನ್ನು ಸಮಾಜವೇ ಕಲಿಸುತ್ತದೆಂದು ಅಮೆರಿಕದ ವಿದ್ವಾಂಸ ಬರ್ಡ್‌ವಿಸ್ಟೆಲ್ ವಾದಿಸಿದನು. ಅವನ ಗ್ರಂಥ 1952ರಲ್ಲಿ ಪ್ರಕಟವಾಯಿತು. ಎರಡರಲ್ಲಿಯೂ ಸತ್ಯಾಂಶವಿದೆ. ಅಳುವುದನ್ನು ಮಗುವಿಗೆ ಯಾರೂ ಕಲಿಸುವುದಿಲ್ಲ. ಕೈಮುಗಿಯುವುದನ್ನು ತಾಯಿಯೇ ಕಲಿಸಬೇಕು.

ಕನ್ನಡ, ತೆಲುಗು, ಉರ್ದು ಭಾಷೆಗಳು ಕಿವಿಗೆ ಬೀಳುವ ನಮ್ಮ ನಗರದಲ್ಲಿ ಈ ವಿಚಾರ ಬಹಳ ಉಪಯುಕ್ತವಾದುದು. ಒಬ್ಬರು ಕೈಜೋಡಿಸಿ ನಮಸ್ಕರಿಸಿದರೆ, ಇನ್ನೊಬ್ಬರು ಬಲಗೈಯನ್ನು ಹಣೆಯ ಬಳಿಗೆ ತಂದು ಆದಾಬ್ ಹೇಳುತ್ತಾರೆ, ಗೌರವವು ಒಂದೇ. ನಾವು ತಲೆಯನ್ನು ಅತ್ತಿತ್ತ ತೂಗಿದರೆ 'ಆಗಲಿ' ಎಂದರ್ಥ. ಹೊರದೇಶದವನಿಗೆ ಅದು 'ಇಲ್ಲ' ಎಂದು ತೋರಬಹುದು. ಹಿರಿಯರೆದುರು ಕಣ್ಣು ತಗ್ಗಿಸುವುದು ಹಳ್ಳಿಯಲ್ಲಿ ವಿನಯ. ನಗರದ ಸಂದರ್ಶನದಲ್ಲಿ ಅದನ್ನೇ ಅಧೈರ್ಯವೆಂದು ಎಣಿಸುವವರುಂಟು.

ರಾಯಚೂರು, ಕಲಬುರಗಿಗಳ ಕಡೆಯಿಂದ ಹೊಸದಾಗಿ ಬಂದ ಬಾಲಕನೊಬ್ಬನು ತರಗತಿಯಲ್ಲಿ ತಲೆತಗ್ಗಿಸಿ ನಿಂತನೆನ್ನಿ. ಒಬ್ಬನು ಅವನನ್ನು ದಡ್ಡನೆಂದಾನು, ಇನ್ನೊಬ್ಬನು ತಪ್ಪಿತಸ್ಥನೆಂದಾನು. ಆದರೆ ಅವನಿಗೆ ಹಸಿವಾಗಿರಬಹುದು, ಊರಿನ ನೆನಪು ಬಂದಿರಬಹುದು. ಒಂದು ಸನ್ನೆಯನ್ನು ತಪ್ಪಾಗಿ ಓದಿದುದರಿಂದ ಅವನು ವರ್ಷವಿಡೀ ಒಂಟಿಯಾಗಿ ಕುಳಿತಿರಬೇಕಾದೀತು.

ಆದುದರಿಂದ, ವಿದ್ಯಾರ್ಥಿಗಳೇ, ಈ ಅಭ್ಯಾಸವನ್ನು ಮಾಡಿರಿ. ಒಂದು ಹಾಳೆಯ ಎಡಗಡೆ ಕಂಡುದನ್ನೂ ಬಲಗಡೆ ಊಹಿಸಿದುದನ್ನೂ ಬರೆಯಿರಿ. 'ಕೈಕಟ್ಟಿ ನಿಂತಿದ್ದಾನೆ' ಎಂಬುದು ಕಂಡದ್ದು. 'ಜಂಭಗಾರ' ಎಂಬುದು ಊಹೆ. ಚಳಿಯಿಂದಲೂ ಕೈಕಟ್ಟಬಹುದಲ್ಲವೆ? ಒಂದೇ ಸನ್ನೆಯಿಂದ ತೀರ್ಮಾನಿಸಬೇಡಿರಿ. ಸಂದರ್ಭವನ್ನೂ ಆತನ ರೂಢಿಯನ್ನೂ ಗಮನಿಸಿರಿ. ಸಂದೇಹ ಉಳಿದರೆ ಹತ್ತಿರ ಹೋಗಿ ಮೆಲ್ಲನೆ ಕೇಳಿರಿ. ಮೌನವನ್ನು ಅರಿಯಲೂ ಕೊನೆಗೆ ಒಂದು ಒಳ್ಳೆಯ ಮಾತು ಬೇಕು.