ಕಿತ್ತಳೆ ಬಣ್ಣದ್ದು ಒಳಗೆ, ನೀಲಿ ಹೊರಗೆ

ಪಿಯುಸಿ ಓದುವ ಅಕ್ಕನ ಮಗಳು ಕಳೆದ ಭಾನುವಾರ ನನ್ನ ಕಂಪ್ಯೂಟರಿಗೆ 'ಫೋಲ್ಡಿಟ್' ಆಟ ಹಾಕಿಕೊಟ್ಟಳು. ಪರದೆಯ ಮೇಲೆ ಬಿಚ್ಚಿಹೋದ ನೂಲಿನಂತೆ ಒಂದು ಪ್ರೋಟೀನ್. ಎಳೆದೆ, ತಿರುಚಿದೆ. ಪರಮಾಣುಗಳು ಒಂದಕ್ಕೊಂದು ಒತ್ತಿಕೊಂಡಲ್ಲಿ ಕೆಂಪು ಮುಳ್ಳುಗುಂಡು ಎದ್ದು ಅಂಕ ಸರ್ರನೆ ಇಳಿಯಿತು. "ಮಾಮ, ಕಿತ್ತಳೆ ಬಣ್ಣದ್ದನ್ನೆಲ್ಲ ಒಳಗೆ ತಳ್ಳು. ಅದಕ್ಕೆ ನೀರಂದ್ರೆ ಆಗಲ್ಲ" ಅಂದಳು. ತಳ್ಳಿದೆ. ಅಂಕ ಏರಿತು!

ಕಲಿಕೆಯ ಆಟಗಳೆಂದರೆ ನನಗೆ ಅನುಮಾನವೇ. ಪ್ರಶ್ನೆಪತ್ರಿಕೆಗೆ ಬಣ್ಣ ಬಳಿದು ಆಟ ಎನ್ನುವವರೇ ಹೆಚ್ಚು. ಇಲ್ಲಿ ಹಾಗಿಲ್ಲ. ಅಣುವಿನ ಶಕ್ತಿ ಕಡಿಮೆಯಾದಷ್ಟೂ ಅಂಕ ಹೆಚ್ಚು. ಜೀವರಸಾಯನದ ನಿಯಮವೇ ಆಟದ ನಿಯಮ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ತಂಡ ಜನರ ಮನೆ ಕಂಪ್ಯೂಟರುಗಳಲ್ಲಿ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆಂಬ ಲೆಕ್ಕ ಮಾಡಿಸುತ್ತಿತ್ತು. ಪರದೆ ನೋಡುತ್ತಿದ್ದವರು, ಇದನ್ನು ನಾವೇ ಇನ್ನೂ ಚೆನ್ನಾಗಿ ಮಡಚಬಲ್ಲೆವು ಎಂದರು. ಸೇತ್ ಕೂಪರ್, ಝೋರಾನ್ ಪೊಪೊವಿಚ್ ಮೊದಲಾದವರು ಸೇರಿ 2008ರಲ್ಲಿ ಈ ಆಟ ಹೊರತಂದರು. ಮಂಗಗಳಿಗೆ ಏಡ್ಸ್‌ನಂಥ ರೋಗ ತರುವ ವೈರಸ್ಸೊಂದರ ಕಿಣ್ವದ ರಚನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳಿಗೆ ದಕ್ಕಿರಲಿಲ್ಲ. ಆಟಗಾರರು ಮೂರು ವಾರದಲ್ಲಿ ದಾರಿ ತೋರಿಸಿದ್ದು 2011ರಲ್ಲಿ ಪ್ರಕಟವಾಯಿತು. ಬೇಕರ್ ಅವರಿಗೆ ಪ್ರೋಟೀನ್ ವಿನ್ಯಾಸಕ್ಕಾಗಿ 2024ರ ನೊಬೆಲ್ ಬಂತು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಆಟದೊಳಗಿನ 'ರಾಮಾ ಮ್ಯಾಪ್' ಎಂಬ ಸಣ್ಣ ಚೌಕ. ಈ ರಾಮ ನಮ್ಮ ವಿಜ್ಞಾನಿ ಜಿ.ಎನ್. ರಾಮಚಂದ್ರನ್! ಮದರಾಸಿನಲ್ಲಿ 1963ರಲ್ಲಿ ಅವರು ರಾಮಕೃಷ್ಣನ್, ಶಶಿಶೇಖರನ್ ಜೊತೆ ಪ್ರಕಟಿಸಿದ ನಕ್ಷೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಪ್ರೋಟೀನ್ ಸರಪಳಿಯ ಒಂದೊಂದು ಕೊಂಡಿಯೂ, ಅಂದರೆ ಒಂದೊಂದು ಅಮೈನೋ ಆಮ್ಲವೂ, ಎರಡು ಕಡೆ ತಿರುಗುತ್ತದೆ. ಆ ಎರಡು ಕೋನಗಳನ್ನು ಅಡ್ಡಕ್ಕೂ ಉದ್ದಕ್ಕೂ ಗುರುತಿಸಿದರೆ ಪ್ರತಿ ಅಮೈನೋ ಆಮ್ಲವೂ ಒಂದು ಚುಕ್ಕಿ. ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಲೆಕ್ಕವೊಂದರಿಂದಲೇ ಅವರು ಚೌಕದ ಬಹುಪಾಲನ್ನು ನಿಷಿದ್ಧವೆಂದು ಗೆರೆ ಎಳೆದರು. ಅಂದರೆ, ನನ್ನ ಅಂಕ ಇಳಿಸಿದ ಆ ಕೆಂಪು ಮುಳ್ಳುಗುಂಡಿನದೇ ಲೆಕ್ಕ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಬೆರಳಿಗೆ ತಾಗಿದ್ದು ಈಗ.

ಚುಕ್ಕಿಗಳೆಲ್ಲ ಎಡಗಡೆ ಗುಂಪುಗೂಡಿದ್ದವು, ಸರಪಳಿ ಸುರುಳಿ ಸುತ್ತಿಕೊಂಡ ಕಡೆಯವು ಕೆಳಗೆ, ಹಾಳೆಯಂತೆ ಹರಡಿಕೊಂಡ ಕಡೆಯವು ಮೇಲೆ. ಒಂದು ಮಾತ್ರ ಬಲಗಡೆ ದೂರದಲ್ಲಿ.

"ಇದ್ಯಾಕೆ ಅಲ್ಲಿ ಹೋಗಿ ಕೂತಿದೆ?"

ಒತ್ತಿ ನೋಡಿದೆವು: ಗ್ಲೈಸಿನ್. ಅದರ ಪಕ್ಕಕ್ಕೆ ಜೋತುಬಿದ್ದಿರುವುದು ಒಂದು ಹೈಡ್ರೋಜನ್ ಅಷ್ಟೇ. ಇಕ್ಕಟ್ಟಿಲ್ಲ, ಬೇರೆಯವು ಹೋಗಲಾರದ ಕಡೆಗೂ ಹೋಗುತ್ತದೆ. ಆಮೇಲೆ ಅಂಕ ಮರೆತು, ಅಕ್ಕ ಊಟಕ್ಕೆ ಕೂಗುವವರೆಗೂ ಒಂದೊಂದು ಪ್ರೋಟೀನ್ ತೆರೆದು ಬಲಗಡೆಯ ಚುಕ್ಕಿಗಳನ್ನೇ ಹುಡುಕಿದೆವು.