ಸಿಗ್ನಲ್‌ನಲ್ಲಿ ಒಂದು ಬೈಕು ಅಂದ್ರೆ ಎಷ್ಟು ಕಾರು?

ಸಂಜೆ ಕ್ಲಾಸು ಮುಗಿಸಿ ಹೊರಟರೆ ಬೆಂಗಳೂರಿನ ಯಾವ ದೊಡ್ಡ ಸಿಗ್ನಲ್‌ನಲ್ಲಾದರೂ ಕಾಣೋದು ಒಂದೇ ನೋಟ. ಕೆಂಪು ದೀಪ ಬಿದ್ದ ಕೂಡಲೇ ಕಾರುಗಳು ಸಾಲಾಗಿ ನಿಲ್ಲುತ್ತವೆ. ಬೈಕಿನವರಾದ ನಾವು ಮಾತ್ರ ಸಂದಿಗೊಂದಿಗಳಲ್ಲಿ ನುಸುಳಿ, ಜೀಬ್ರಾ ಪಟ್ಟಿಯ ಮೇಲೇ ಹೋಗಿ ಕಾಲೂರುತ್ತೇವೆ. "ಈ ಬೈಕಿನವರಿಂದಲೇ ಜಾಮ್" ಅಂತ ಕಾರಿನವರು ಬೈತಾರೆ. "ಒಬ್ಬರಿಗೆ ಅಷ್ಟು ದೊಡ್ಡ ಕಾರು ಯಾಕೆ" ಅಂತ ನಾವು ಬೈತೀವಿ. ಯಾರು ಸರಿ? ಲೆಕ್ಕ ಹಾಕಿಯೇ ನೋಡೋಣ.

ರಸ್ತೆಯಲ್ಲಿ ಬಸ್ಸು, ಕಾರು, ಆಟೊ, ಬೈಕು ಎಲ್ಲವೂ ಇರುವುದರಿಂದ ಟ್ರಾಫಿಕ್ ಎಂಜಿನಿಯರುಗಳು ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಈ ಅಳತೆಯೇ ಪಿಸಿಯು, ಅಂದರೆ ಪ್ಯಾಸೆಂಜರ್ ಕಾರ್ ಯೂನಿಟ್. ಕಾರು 1 ಆದರೆ ಬೈಕು ಎಷ್ಟು? ಇಲ್ಲೇ ತಕರಾರು ಶುರು. ಸಿಗ್ನಲ್ ಸಮಯದ ಸೂತ್ರ ಕೊಟ್ಟ ಬ್ರಿಟನ್ನಿನ ವೆಬ್‌ಸ್ಟರ್ 1958ರಲ್ಲಿ ಬೈಕಿಗೆ ಇಟ್ಟ ಬೆಲೆ 0.33. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಕೈಪಿಡಿ, ನಗರದ ರಸ್ತೆಗಳಲ್ಲಿ ದ್ವಿಚಕ್ರ ವಾಹನಗಳ ಪಾಲು ಶೇ. 5ರೊಳಗಿದ್ದರೆ 0.5, ಶೇ. 10 ಮುಟ್ಟಿದರೆ 0.75 ಅನ್ನುತ್ತದೆ. 2017ರ ಇಂಡೋ-ಎಚ್‌ಸಿಎಂ ಸಿಗ್ನಲ್‌ಗಳಿಗೆ ಕೊಡುವುದು 0.4.

ದಶಾಂಶದ ವ್ಯತ್ಯಾಸ ತಾನೇ ಅನ್ನಬೇಡಿ. 7 ಮೀಟರ್ ಅಗಲದ ಒಂದು ರಸ್ತೆ ಸಿಗ್ನಲ್‌ಗೆ ಬಂದು ಸೇರುತ್ತದೆ ಅಂದುಕೊಳ್ಳಿ. ಹಸಿರು ದೀಪವಿದ್ದಾಗ ರಸ್ತೆ ಗರಿಷ್ಠ ಎಷ್ಟು ವಾಹನಗಳನ್ನು ದಾಟಿಸಬಲ್ಲದು ಅನ್ನುವುದೇ ಸ್ಯಾಚುರೇಶನ್ ಫ್ಲೋ. ವೆಬ್‌ಸ್ಟರ್ ಪ್ರಕಾರ ಅದು ಪ್ರತಿ ಮೀಟರ್ ಅಗಲಕ್ಕೆ ಗಂಟೆಗೆ 525 ಪಿಸಿಯು. 7 ಮೀಟರಿಗೆ 3675. ಅಂದರೆ ಸೆಕೆಂಡಿಗೆ ಸುಮಾರು ಒಂದು ಕಾರು. ಈಗ ಸಾಲಿನಲ್ಲಿ 15 ಕಾರು, 40 ಬೈಕು ನಿಂತಿವೆ. ಬೈಕಿಗೆ 0.33 ಹಿಡಿದರೆ ಎಲ್ಲವೂ ದಾಟಲು ಸುಮಾರು 28 ಸೆಕೆಂಡ್ ಸಾಕು. 0.4 ಆದರೆ 30, 0.5 ಆದರೆ 34. ನಡುರಸ್ತೆಯ ಲೆಕ್ಕಕ್ಕಿಟ್ಟ 0.75 ಅನ್ನು ಇಲ್ಲಿಗೆ ತಂದರೆ 44! ಸಾಲು ಅದೇ, ರಸ್ತೆ ಅದೇ, ವ್ಯತ್ಯಾಸ 16 ಸೆಕೆಂಡ್. ಕಡಿಮೆ ಕೊಟ್ಟರೆ ಹಿಂದಿನವರು ಮತ್ತೊಂದು ಸುತ್ತು ಕಾಯಬೇಕು. ಜಾಸ್ತಿ ಕೊಟ್ಟರೆ ಅಡ್ಡರಸ್ತೆಯವರ, ನಡೆದು ದಾಟುವವರ ಸಮಯ ಹೋಗುತ್ತದೆ.

ಹಾಗಾದರೆ ಸರಿಯಾದ ಸಂಖ್ಯೆ ಯಾವುದು? ಬೈಕು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಹಸಿರು ಬಿದ್ದಾಗ ಮುಂದಿನ ಕಾರಿನವರು ನೋಡಿ, ಗೇರು ಹಾಕಿ ಹೊರಡುವಷ್ಟರಲ್ಲಿ ಒಂದೆರಡು ಸೆಕೆಂಡ್ ವ್ಯರ್ಥವಾಗುತ್ತದೆ. ಮುಂದೆ ಗುಂಪಾಗಿ ನಿಂತ ಬೈಕುಗಳು ಆ ಸಮಯದಲ್ಲೇ ಜಿಗಿದು ಹೋಗಿಬಿಡುತ್ತವೆ. ಅಲ್ಲಿ ಬೈಕು ನಿಜಕ್ಕೂ ಅಗ್ಗ. ಕಾರುಗಳ ಪಕ್ಕಕ್ಕೆ ಅಂಟಿಕೊಂಡಂತೆ ಹೊರಟರೆ ಕಾರಿನವರು ತಗುಲೀತು ಅಂತ ನಿಧಾನಿಸುತ್ತಾರೆ. ಅಲ್ಲಿ ಬೈಕಿನ ಬೆಲೆ ಏರುತ್ತದೆ. ಎಲ್ಲಕ್ಕಿಂತ ದುಬಾರಿ, ಎಡಗಡೆಯಿಂದ ನುಸುಳಿ ಬಂದು ಬಲಕ್ಕೆ ತಿರುಗುವ ಬೈಕು. ನೇರ ಹೋಗುವ ಇಡೀ ಸಾಲಿಗೆ ಅದು ಅಡ್ಡ ಬರುತ್ತದೆ. ಫ್ರೀ ಲೆಫ್ಟ್‌ನಲ್ಲಿ ನಿಂತು ನೇರ ಹೋಗಲು ಕಾಯುವವರದ್ದೂ ಇದೇ ಕಥೆ: ತಾವೂ ಹೋಗುವುದಿಲ್ಲ, ಹಿಂದಿನವರನ್ನೂ ಬಿಡುವುದಿಲ್ಲ.

ತೈವಾನ್‌ನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅನೇಕ ಸಿಗ್ನಲ್‌ಗಳಲ್ಲಿ ಕಾರುಗಳ ಸ್ಟಾಪ್ ಲೈನಿಗೂ ಜೀಬ್ರಾ ಪಟ್ಟಿಗೂ ನಡುವೆ ಬೈಕುಗಳಿಗೆಂದೇ ಒಂದು ಚೌಕ ಬರೆದಿರುತ್ತಾರೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುವುದರಿಂದ ಎಡ ತಿರುವೇ ಅಡ್ಡ ತಿರುವು. ಅದನ್ನು ಅನೇಕ ಕಡೆ ಬೈಕುಗಳು ಎರಡು ಹಂತದಲ್ಲಿ ಮಾಡಬೇಕು: ಮೊದಲು ನೇರ ಹೋಗಿ ಇನ್ನೊಂದು ಚೌಕದಲ್ಲಿ ನಿಂತು, ಆ ದಿಕ್ಕಿಗೆ ಹಸಿರು ಬಿದ್ದಾಗ ಹೊರಡಬೇಕು.

ನಮ್ಮಲ್ಲೂ ಬಣ್ಣ ಬಳಿದರೆ ಆಯ್ತಲ್ವಾ? ಅಷ್ಟು ಸುಲಭವಿಲ್ಲ. ನಿಂತ ಬೈಕಿಗೆ 1 ಮೀಟರ್ ಅಗಲ, ಸುಮಾರು 2.2 ಮೀಟರ್ ಉದ್ದ ಬೇಕು ಅಂತಿಟ್ಟುಕೊಳ್ಳಿ. 7 ಮೀಟರ್ ಅಗಲದಲ್ಲಿ ಸಾಲಿಗೆ 7 ಬೈಕು. ನಮ್ಮ 40 ಬೈಕಿಗೆ 6 ಸಾಲು, ಅಂದರೆ 13 ಮೀಟರ್ ಉದ್ದದ ಚೌಕ! ಬೆಂಗಳೂರಿನ ವಾಹನಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ದ್ವಿಚಕ್ರ. ಚೌಕ ಚಿಕ್ಕದಾದರೆ ಮಿಕ್ಕವರು ಮತ್ತೆ ಜೀಬ್ರಾ ಮೇಲೇ. ಅದಕ್ಕೇ ಎಲ್ಲಿಂದಲೋ ಚೌಕ ನಕಲು ಮಾಡುವ ಮೊದಲು ನಮ್ಮ ಸಾಲನ್ನು ಎಣಿಸಬೇಕು.

ಇದು ಬರೀ ಸೆಕೆಂಡುಗಳ ಮಾತೂ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರದಲ್ಲಿದ್ದವರು. ಲೆಕ್ಕದ ಹಾಳೆಯಲ್ಲಿ ಬೈಕು 0.4 ಇರಬಹುದು, ಅದರ ಮೇಲೆ ಕೂತವರು ಪೂರ್ತಿ ಒಬ್ಬರು. ಜೀಬ್ರಾ ದಾಟಲು ಕಾದು ನಿಂತ ಅಜ್ಜಿಯೂ ಪೂರ್ತಿ ಒಬ್ಬರೇ.

ಹಾಗಾಗಿ ಕಾರಿನವರ ಬೈಗುಳ ಅರ್ಧ ಸರಿ, ನಮ್ಮದೂ ಅರ್ಧ ಸರಿ. ಗೆರೆಯ ಹಿಂದೆ, ತಿರುಗಬೇಕಾದ ಬದಿಯಲ್ಲೇ ನಿಂತ ಬೈಕು ಸಿಗ್ನಲ್‌ಗೆ ಉಪಕಾರಿ. ಸಿಕ್ಕಲ್ಲಿ ನುಸುಳಿದ್ದು ಕಾರಿಗಿಂತ ದುಬಾರಿ. ಮೈನರ್ ಪ್ರಾಜೆಕ್ಟ್ ಹುಡುಕುತ್ತಿರುವ ಸಿವಿಲ್ ಗೆಳೆಯರೇ, ಫುಟ್‌ಪಾತ್ ಮೇಲೊಂದು ಜಾಗ, ಫೋನಿನ ಕ್ಯಾಮೆರಾ, ಒಂದು ಸ್ಟಾಪ್‌ವಾಚ್ ಸಾಕು. ನಮ್ಮ ಕಾಲೇಜಿನ ಪಕ್ಕದ ಸಿಗ್ನಲ್‌ನಲ್ಲಿ ಒಂದು ಬೈಕು ಎಷ್ಟು ಕಾರಿಗೆ ಸಮ ಅಂತ ನೀವೇ ಎಣಿಸಿ ಹೇಳಿ.